ಹೊಲಿಗೆಯಿಲ್ಲದ ಕಂಬಳಿ ಅಂಗಿ

ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತವನಿಗೆ ಲೋಕವೆಲ್ಲ ನೆಲಮಟ್ಟದಲ್ಲೇ ಕಾಣುವುದು. ಕೋಳಿಯ ಕಾಲು, ಹೆಂಡತಿಯ ಸೀರೆಯ ಅಂಚು, ಹೊಸಲು ದಾಟಿ ಒಳಗೆ ಬಂದು ಮಧ್ಯಾಹ್ನಕ್ಕೆಲ್ಲ ವಾಪಸು ಹೋಗುವ ಬಿಸಿಲು. ನಮ್ಮ ಮನೆ ಮಿಡಿಗೇಶಿ ದಾಟಿ ಪಾವಗಡದ ಕಡೆಗೆ ಹೋಗುವ ರಸ್ತೆಯಿಂದ ಒಂದು ಮೈಲಿ ಒಳಗಿದೆ. ಮಾಡಿನಲ್ಲಿ ಒಂದು ಗಾಜಿನ ಹೆಂಚು ಕೂರಿಸಿದ್ದೇವೆ. ಅಲ್ಲಿಂದ ಇಳಿಯುವ ಬೆಳಕಿನ ಕೋಲಿನೊಳಗೆ ಕುರಿ ಉಣ್ಣೆಯ ಧೂಳು ಏಳುತ್ತ ಬೀಳುತ್ತ, ಎಲ್ಲಿಗೂ ಹೋಗದೆ ತೇಲುತ್ತಿರುತ್ತದೆ. ದೇವದೂತರು ಅಂದರೆ ನನಗೆ ಮೊದಲು ನೆನಪಾಗುವುದು ಆ ಧೂಳು. ರೆಕ್ಕೆ ಇರುವವರನ್ನು ನಾನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದೇನೆ.

ನಾನು ಓದಿದ್ದು ಐದನೇ ಕ್ಲಾಸು. ಅಪ್ಪನಿಗೆ ಎದೆ ಹಿಡಿದುಕೊಂಡು ಗುಂಡಿಗೆ ಇಳಿಯಲಾಗದ ವರ್ಷ ನಾನು ಇಳಿದೆ. ಇವತ್ತಿನವರೆಗೂ ಮೇಲೆ ಹತ್ತಿಲ್ಲ ಅಂದರೂ ಸರಿಯೇ. ಅದಕ್ಕೆ ನನಗೆ ಬೇಸರವಿಲ್ಲ. ನನ್ನ ಕಂಬಳಿಯ ಮೇಲೆ ಕೊಡ ನೀರು ಸುರಿದರೂ ಕೆಳಗೆ ಒಂದು ತೊಟ್ಟು ಬೀಳುವುದಿಲ್ಲ. ಮದಲೂರು ಕೆರೆಯಂಗಳದಲ್ಲಿ ಕುರಿ ಮೇಯಿಸುವವರು ಅಲ್ಲೇ ಅಗ್ಗಕ್ಕೆ ಸಿಕ್ಕುವುದನ್ನು ಬಿಟ್ಟು ಎರಡು ಬಸ್ಸು ಹತ್ತಿ ನನ್ನ ಹತ್ತಿರ ಬರುತ್ತಾರೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ ಎಂದು ಬರೆಯೋಣ ಅಂದುಕೊಂಡೆ. ಜಂಬಕ್ಕೇ ಹೇಳುತ್ತಿದ್ದೇನೆ. ಆ ಜಂಬ ಏನು ಮಾಡಿತು ಅನ್ನುವುದನ್ನೂ ಹೇಳಬೇಕಲ್ಲ, ಅದಕ್ಕೆ.

ಅವ್ವ ನೂಲುವವಳು. ಕಣ್ಣು ಚೆನ್ನಾಗಿದ್ದ ಕಾಲದಲ್ಲಿ, ಮಧ್ಯಾಹ್ನ ಮುದ್ದೆ ಉಂಡ ಮೇಲೆ ರಾಟೆ ಪಕ್ಕಕ್ಕೆ ಸರಿಸಿ, ಸತ್ಯವೇದವನ್ನು ತೊಡೆಯ ಮೇಲಿಟ್ಟುಕೊಂಡು, ನೇಯುತ್ತಿರುವ ನನಗೆ ಕೇಳುವಂತೆ ಓದುವಳು. ಸ್ಕೂಲಿನಲ್ಲಿ ಬಿಟ್ಟ ಅಕ್ಷರವನ್ನು ನಾನು ಪೂರ್ತಿ ಮಾಡಿಕೊಂಡಿದ್ದು ಆ ಪುಸ್ತಕದಲ್ಲೇ. ಲಾಳಿ ಆ ಕಡೆಗೆ ಹೋಗುವಾಗ ಒಂದು ಮಾತು, ಈ ಕಡೆಗೆ ಬರುವಾಗ ಒಂದು ಮಾತು. ಹಾಗಾಗಿ ನನಗೆ ಸುವಾರ್ತೆಯೆಲ್ಲ ಲಾಳಿಯ ಲೆಕ್ಕದಲ್ಲೇ ತಲೆಯಲ್ಲಿ ಕೂತಿದೆ. ಗಲಿಲಾಯದ ಸರೋವರ ಅಂದರೆ ನನ್ನ ಕಣ್ಣಿಗೆ ತುಂಬಿದ ಮದಲೂರು ಕೆರೆ. ಗುಡ್ಡದ ಮೇಲಿನ ಪಟ್ಟಣ ಅಂದರೆ ಮಿಡಿಗೇಶಿಯ ಕೋಟೆ. ಹೆರೋದ ರಾಜನ ಸೈನ್ಯ ಶಿರಾ ಕಡೆಯಿಂದ ಬರುತ್ತಿತ್ತು, ಯಾಕೆ ಅಂತ ಗೊತ್ತಿಲ್ಲ.

ಒಂದು ದಿನ ಅವ್ವ ಯೇಸುವನ್ನು ಶಿಲುಬೆಗೆ ಹಾಕಿದ ಭಾಗ ಓದುತ್ತಿದ್ದಳು. ನಾಲ್ಕು ಜನ ಸಿಪಾಯಿಗಳು ಆತನ ಬಟ್ಟೆಗಳನ್ನು ನಾಲ್ಕು ಪಾಲು ಮಾಡಿಕೊಂಡರು. ಒಳಗಿನ ಅಂಗಿಗೆ ಮಾತ್ರ ಹೊಲಿಗೆಯೇ ಇರಲಿಲ್ಲ, ಮೇಲಿನಿಂದ ಕೊನೆಯವರೆಗೂ ಒಂದೇ ನೇಯ್ಗೆ. ಹರಿಯುವುದು ಬೇಡ ಅಂದುಕೊಂಡು ಚೀಟಿ ಹಾಕಿದರು. ಇಷ್ಟು ಓದಿ ಅವ್ವ ಬೆರಳನ್ನು ಅಲ್ಲೇ ಇಟ್ಟುಕೊಂಡು ನನ್ನ ಕಡೆ ತಿರುಗಿದಳು.

"ಅದ್ಯಾರ್ಲಾ ನೇಯ್ದಿರ್ಬೋದು?" ಅಂದಳು.

"ಬರೆದಿಲ್ವಾ?"

"ಎಲ್ಲಾರ್ ಹೆಸ್ರೂ ಬರೆದವ್ರೆ. ಯೇಸುನ ಹಿಡಿಯೋಕೆ ಬಂದು ಕಿವಿ ಕತ್ತರಿಸಿಕೊಂಡವನ ಹೆಸ್ರೂ ಐತೆ. ನೇಯ್ದವರದು ಇಲ್ಲ ನೋಡು."

"ಹೊಲಿಗೆ ಇಲ್ದಂಗೆ ಅಂಗಿ ಹೆಂಗ್ ನೇಯ್ತಾರವ್ವ? ಆಗೋ ಮಾತಲ್ಲ."

"ಆಗಿತ್ತಲ್ಲ," ಅಂದಳು ಅವ್ವ. "ಕೊಲ್ಲೋಕೆ ಬಂದೋರ್ಗೂ ಹರಿಯೋಕೆ ಮನಸ್ಸು ಬರ್ಲಿಲ್ಲ ಅಂದ್ರೆ ಅದೆಂಥಾ ನೇಯ್ಗೆ ಇರ್ಬೇಕು!"

ಆ ಮಾತು ನನ್ನೊಳಗೆ ಬಿದ್ದು ಅಲ್ಲೇ ಉಳಿಯಿತು. ಮನುಷ್ಯನ ಮೈಗೆ ಮೊಳೆ ಹೊಡೆದ ಕೈಗಳು ಒಂದು ಬಟ್ಟೆಯ ಮುಂದೆ ನಿಂತುಹೋದವು. ನೇಯುವವನಿಗೆ ಇದಕ್ಕಿಂತ ದೊಡ್ಡ ಬಿರುದು ಯಾವುದಿದೆ?

ಆದರೆ ಅವ್ವ ಆ ಅಂಗಿಯನ್ನು ನೆನೆಯುತ್ತಿದ್ದುದು ನೇಯ್ಗೆಯ ಚೆಂದಕ್ಕಲ್ಲ. ಅದಕ್ಕೆ ಬೇರೆ ಕಾರಣ ಇತ್ತು.

ಅವ್ವನ ಅಜ್ಜಿ ದೊಡ್ಡ ಬರಗಾಲದ ಮಗು. ಆಗ ಈ ಸೀಮೆಯಲ್ಲಿ ಜನ ದಾರಿಯುದ್ದಕ್ಕೂ ಸತ್ತುಬಿದ್ದಿದ್ದರಂತೆ. ಅವಳ ಅಪ್ಪ ಇಬ್ಬರು ಮಕ್ಕಳನ್ನು ಎತ್ತಿಕೊಂಡು ನಡೆದ. ಮಿಷನ್ ಬಂಗಲೆಯಲ್ಲಿ ಗಂಜಿ ಕೊಟ್ಟು ಅನಾಥ ಮಕ್ಕಳನ್ನು ಇಟ್ಟುಕೊಳ್ಳುತ್ತಾರೆ ಅನ್ನುವುದನ್ನು ಕೇಳಿದ್ದ. ಅಪ್ಪ ಬದುಕಿದ್ದರೆ ಅನಾಥ ಅಲ್ಲವಲ್ಲ. ಅದಕ್ಕೆ ಹೆಣ್ಣುಮಗುವನ್ನು ಗೇಟಿನ ಹತ್ತಿರ ಬಿಟ್ಟು ಮರೆಯಾದ. ಇದ್ದುದು ಒಂದೇ ಕಂಬಳಿ. ಅದನ್ನು ನಡುವೆ ಹರಿದು ಅರ್ಧ ಅವಳಿಗೆ ಹೊದಿಸಿ, ಇನ್ನರ್ಧವನ್ನು ಗಂಡುಮಗುವಿಗೆ ಸುತ್ತಿಕೊಂಡು ಮುಂದೆ ಹೋದ. ಎಲ್ಲಿಗೆ ಹೋದ ಅಂತ ಯಾರಿಗೂ ಗೊತ್ತಾಗಲಿಲ್ಲ. ಹುಡುಗಿ ಬಂಗಲೆಯಲ್ಲಿ ಬೆಳೆದಳು, ಓದು ಕಲಿತಳು, ದೀಕ್ಷಾಸ್ನಾನವಾಯಿತು, ತನ್ನಂತೆಯೇ ಮತಕ್ಕೆ ಬಂದಿದ್ದ ನೇಕಾರನನ್ನು ಮದುವೆಯಾದಳು. ನಮ್ಮ ಮನೆಗೆ ಯೇಸು ಬಂದಿದ್ದು ಹೀಗೆ, ಅರ್ಧ ಕಂಬಳಿಯೊಳಗೆ.

ಊರವರು ಆಕೆಯನ್ನು ಅರೆಗಂಬಳಿ ಅಂದರು. ಆಕೆಯ ಮಗಳನ್ನೂ ಅಂದರು, ಅವ್ವನನ್ನೂ ಅಂದರು. ತಮಾಷೆಗೆ ಅನ್ನುವವರಿದ್ದರು, ಜಗಳದಲ್ಲಿ ಅನ್ನುವವರಿದ್ದರು. ಆ ಕಂಬಳಿಯ ಅಂಗೈಯಗಲದ ತುಂಡೊಂದು ಇನ್ನೂ ಅವ್ವನ ಸತ್ಯವೇದದಲ್ಲಿ, ಆ ಅಂಗಿಯ ಮಾತು ಬರುವ ಪುಟದಲ್ಲೇ ಇದೆ. ನುಸಿ ತಿಂದು ಜೇಡರ ಬಲೆಯ ಹಾಗಾಗಿದೆ. ಹರಿಯದೆ ಉಳಿದ ಬಟ್ಟೆ ಅಂದರೆ ಅವ್ವನಿಗೆ ಏನು ಅನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ್ದನ್ನು ಮುಂದೆ ಹೇಳುತ್ತೇನೆ.

ಮಧುಗಿರಿಯ ನಮ್ಮ ಚರ್ಚಿನ ಅಂಗಳದಲ್ಲಿ ಶುಭ ಶುಕ್ರವಾರದ ದಿನ ಮೂರು ಗಂಟೆಗೆ ಯೇಸುವಿನ ಶ್ರಮಮರಣದ ನಾಟಕ ಆಡುತ್ತಾರೆ. ಮೂರು ವರ್ಷದ ಹಿಂದೆ, ಹಬ್ಬಕ್ಕೆ ಎರಡು ತಿಂಗಳಿರುವಾಗ, ಅದರ ವಿಚಾರಕ್ಕೆ ಸಭೆ ಕೂಡಿತ್ತು. ಪಾಸ್ಟರು ಪಾವಗಡದವರು. ಖುಷಿಯಾದರೂ ತೆಲುಗಿಗೆ ಜಾರುವರು, ಸಿಟ್ಟು ಬಂದರೂ ಜಾರುವರು. ಉಡುಪು ಹೊಲಿಯುವುದು ಶಿರಾದ ಒಬ್ಬ ಟೈಲರು ಸಾಬರು. ಅವರು ಕೆಂಪು ಸ್ಯಾಟಿನ್ ಅಂಗಿಯೊಂದನ್ನು ಬಿಚ್ಚಿ ತೋರಿಸಿದರು. ಪಕ್ಕದಲ್ಲಿ ಉದ್ದಕ್ಕೂ ಮಿಷಿನ್ ಹೊಲಿಗೆ ಫಳಫಳ ಅನ್ನುತ್ತಿತ್ತು.

"ಸಿಪಾಯಿ ಬಂದು 'ಹೊಲಿಗೇನೇ ಇಲ್ಲ' ಅಂತಾನೆ. ಜನ ಈ ಹೊಲಿಗೆ ನೋಡ್ತಾ ಕೂತಿರ್ತಾರೆ," ಅಂದೆ ನಾನು.

"ಅದು ನಾಟಕ ಅಣ್ಣಾ," ಅಂದರು ಪಾಸ್ಟರು.

"ನಾಟಕಾನೇ ಇರ್ಲಿ. ನಾನು ನೇಯ್ಕೊಡ್ತೀನಿ. ಹೊಲಿಗೆ ಇಲ್ದೇ ಇರೋದು. ಒಂದು ಎಳೆ ಹೊಲಿಗೆ ಇದ್ರೆ ನನ್ ಮಗ್ಗ ಕಿತ್ತು ಒಲೆಗೆ ಹಾಕಿ."

ಸಾಬರು ನಕ್ಕುಬಿಟ್ಟರು. "ಅರೆ ಭಾಯಿ, ಏಪ್ರಿಲ್ ಬಿಸ್ಲಲ್ಲಿ ಕಂಬ್ಳಿ ಉಡ್ಸಿದ್ರೆ ನಿಮ್ ಯೇಸು ಶಿಲುಬೆ ತನಕ ಬರೋದೇ ಇಲ್ಲ. ದಾರೀಲೇ ಖತಂ!"

ಯೇಸುವಿನ ಪಾತ್ರ ಕೊರಟಗೆರೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ತೆಳ್ಳನೆಯ ಯುವಕನದು. ಅವನು ಗಡ್ಡ ಕೆರೆದುಕೊಳ್ಳುತ್ತ, "ನಂಗೇನೂ ಪರ್ವಾಗಿಲ್ಲ ಅಂಕಲ್, ಆದ್ರೆ ಚುಚ್ಚುತ್ತಾ?" ಅಂದ.

"ಮುಳ್ಳಿನ ಕಿರೀಟ ಹಾಕ್ಕೊಳೋನಿಗೆ ಉಣ್ಣೆ ಚುಚ್ಚುತ್ತಂತೆ," ಅಂದರು ಸಾಬರು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಲೆಕ್ಕ ಹಾಕಿದೆ. ಕಂಬಳಿಯ ಹಾಸು, ಅಂದರೆ ಉದ್ದದ ನೂಲು, ನಮ್ಮಲ್ಲಿ ಬಳೆಯ ಹಾಗೆ. ಅದಕ್ಕೆ ತುದಿ ಇರುವುದಿಲ್ಲ. ಮಗ್ಗದ ಎರಡು ಮರದ ಕೋಲುಗಳ ನಡುವೆ ಸುತ್ತಿ ಬಂದು ತನ್ನನ್ನೇ ಸೇರಿಕೊಳ್ಳುತ್ತದೆ. ನೇಯ್ದು ನೇಯ್ದು ಸುತ್ತು ಮುಗಿಯುತ್ತ ಬಂದಾಗ ಒಂದು ಗೇಣು ಜಾಗ ಉಳಿಯುತ್ತದೆ. ಅಲ್ಲಿ ಲಾಳಿ ತೂರುವುದಿಲ್ಲ. ಆ ಬರಿಯ ಎಳೆಗಳಿಗೆ ಕತ್ತರಿ ಹಾಕಿದರೆ ಬಳೆ ಬಿಚ್ಚಿ ಕಂಬಳಿಯಾಗುತ್ತದೆ. ಕತ್ತರಿಸದೆ, ಆ ಗೇಣು ಜಾಗವನ್ನೂ ದಬ್ಬಣದಲ್ಲಿ ಒಂದೊಂದೇ ಎಳೆ ಎತ್ತಿ ನೇಯ್ದುಬಿಟ್ಟರೆ? ತುದಿಯಿಲ್ಲದ, ಹೊಲಿಗೆಯಿಲ್ಲದ ಕೊಳವೆ. ಮನುಷ್ಯನ ಮೈಗೆ ತೊಡಿಸಿ, ಎರಡು ಹೆಗಲ ಮೇಲೆ ಒಂದೊಂದು ಜಾಲಿಮುಳ್ಳು ಚುಚ್ಚಿ ನಿಲ್ಲಿಸಿ, ನಡುವಿಗೆ ಹಗ್ಗ ಕಟ್ಟಿದರೆ ಅಂಗಿ. ಸುವಾರ್ತೆಯಲ್ಲಿ ಮೇಲಿನಿಂದ ಕೆಳಕ್ಕೆ ನೇಯ್ದದ್ದು ಅಂತಿದೆ. ನನ್ನದು ಅಡ್ಡಡ್ಡಕ್ಕೆ ಬರುತ್ತದೆ. ಅಷ್ಟನ್ನು ದೇವರು ಹೊಟ್ಟೆಗೆ ಹಾಕಿಕೊಳ್ಳಲಿ ಅಂದುಕೊಂಡೆ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅಷ್ಟು ಹೊತ್ತಿಗಾಗಲೇ ಅವಳ ಎಡಗಣ್ಣು ಪೂರಾ ಮಂಜು, ಬಲಗಣ್ಣಿನಲ್ಲಿ ಬೆಳಕು ಮತ್ತು ನೆರಳಿನ ಗುರುತು ಮಾತ್ರ. ಆಪರೇಶನ್ ಮಾಡಿದ್ದರೂ ಅಷ್ಟೇ ಉಳಿದಿತ್ತು. ನನ್ನ ಮಾತು ಕೇಳಿದವಳು ರಾಟೆ ಹತ್ತಿರಕ್ಕೆ ಎಳೆದುಕೊಂಡಳು.

"ನೂಲು ನಾನೇ ತೆಗೀತೀನಿ. ಬ್ಯಾರೆ ಯಾರ್ದೂ ಹಾಕ್ಬ್ಯಾಡ."

"ಕಣ್ಣು ಕಾಣ್ದೆ ಹೆಂಗವ್ವ?"

"ನೂಲೋಕೆ ಕಣ್ಣು ಯಾಕ್ಲಾ? ನಿಂಗೆ ಉಸ್ರಾಡೋಕೆ ಕಣ್ಣು ಬೇಕಾ?" ಅಂದಳು. ಸ್ವಲ್ಪ ಹೊತ್ತಿನ ಮೇಲೆ ರಾಟೆಯ ಸದ್ದಿನೊಳಗೇ ಹೇಳಿದಳು: "ಹರೀದೇ ಇರೋದು ಒಂದು ನಮ್ ಮನೇಲಿ ಆಗ್ಲಿ. ನಾನು ಕೈಯಾಡ್ಸಿ ನೋಡ್ತೀನಿ. ಅಷ್ಟು ಸಾಕು."

ಅವಳು ಕೇಳಿದ್ದು ಇಷ್ಟೇ.

ಆ ಎರಡು ತಿಂಗಳು ನನಗೆ ಕನಸಿನ ಹಾಗೆ ನೆನಪಿದೆ. ಮದಲೂರಿನ ಕಡೆಯ ಕರಿ ಉಣ್ಣೆ. ಅದರಲ್ಲಿ ಒಂದು ಬಿಳಿಯ ಕೂದಲಿದ್ದರೂ ಅವ್ವನ ಬೆರಳಿಗೆ ಹೇಗೋ ಗೊತ್ತಾಗುತ್ತಿತ್ತು, ಬಿಳಿ ಉಣ್ಣೆ ಮೆತ್ತಗಂತೆ. ಹುಣಸೆ ಬೀಜ ಕುಟ್ಟಿ ಬೇಯಿಸಿದ ಗಂಜಿಯನ್ನು ಹಾಸಿನ ನೂಲಿಗೆ ಬಳಿದಾಗ ಮನೆಯೆಲ್ಲ ಹುಳಿ ಹುಳಿ ವಾಸನೆ. ಮಗ್ಗದಲ್ಲಿ ಕೂತರೆ ಹೊತ್ತು ಎಲ್ಲಿಂದ ಎಲ್ಲಿಗೆ ಹೋಯಿತೆಂದು ತಿಳಿಯುತ್ತಿರಲಿಲ್ಲ. ಗಾಜಿನ ಹೆಂಚಿನ ಬೆಳಕು ನೇಯ್ದ ಬಟ್ಟೆಯ ಮೇಲೆ ತೆವಳಿ ಆಚೆಗೆ ಹೋಗುವುದು. ಎರಡು ಸಾವಿರ ವರ್ಷದ ಹಿಂದೆ, ಯಾವುದೋ ಊರಿನಲ್ಲಿ, ಇಂಥದೇ ಗುಂಡಿಯಲ್ಲೋ ಗೋಡೆಗೆ ಆನಿಸಿದ ಮಗ್ಗದಲ್ಲೋ ಕೂತ ಇನ್ನೊಬ್ಬರ ಬೆರಳು ನನ್ನ ಬೆರಳಿನ ಕೆಳಗೆ ಆಡುತ್ತಿದೆ ಅನ್ನಿಸುವುದು. ಗಂಡಸೋ ಹೆಂಗಸೋ ಗೊತ್ತಿಲ್ಲ. ಆತನ ತಾಯಿಯೇ ನೇಯ್ದಳು ಅನ್ನುವವರಿದ್ದಾರೆ. ಇರಬಹುದು. ಮಗ ಬೆಳೆದು ಎಲ್ಲೆಲ್ಲೋ ತಿರುಗುತ್ತಾನೆ, ಚಳಿಗಾಗಲಿ ಎಂದು ನೇಯ್ದಿರಬಹುದು. ಆ ಬಟ್ಟೆಗೆ ಸಿಪಾಯಿಗಳು ಚೀಟಿ ಹಾಕುವುದನ್ನು ಶಿಲುಬೆಯ ಹತ್ತಿರವೇ ನಿಂತು ನೋಡಿದಳಲ್ಲ ಅನ್ನಿಸಿ ಲಾಳಿ ಕೈಯಲ್ಲೇ ನಿಲ್ಲುವುದು.

ಸುದ್ದಿ ಎಲ್ಲ ಕಡೆ ಹರಡಿತ್ತು. ಹರಡಿದವನು ನಾನೇ. ಮಿಡಿಗೇಶಿಯ ಹೋಟೆಲಿನಲ್ಲಿ ಟೀ ಕುಡಿಯುವಾಗ ಹೇಳಿದೆ, ಉಣ್ಣೆ ಕೊಡುವವರಿಗೆ ಹೇಳಿದೆ, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದೆ.

ಹಬ್ಬಕ್ಕೆ ಒಂದು ವಾರವಿದ್ದಾಗ ಸುತ್ತು ಮುಗಿದು ಆ ಗೇಣು ಜಾಗ ಉಳಿಯಿತು. ದಬ್ಬಣ ಹಿಡಿದೆ. ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ. ಒಂದು ಸಾಲು ಈ ಅಂಚಿನಿಂದ ಆ ಅಂಚಿಗೆ ಮುಟ್ಟುವುದರೊಳಗೆ ಕತ್ತು ಮರಗಟ್ಟುತ್ತಿತ್ತು. ಐದು ದಿನಕ್ಕೆ ಬರೀ ಎರಡು ಬೆರಳಗಲ ಉಳಿಯಿತು. ಬುಧವಾರ ಬೆಳಗ್ಗೆ. ಇನ್ನೊಂದು ದಿನ ಕೂತಿದ್ದರೆ ಮುಗಿಯುತ್ತಿತ್ತು.

ನನಗೆ ತಡೆಯಲಿಲ್ಲ. ಮುಗಿದ ಮೇಲೆ ಮುಟ್ಟಿದರೆ ಅವ್ವನಿಗೆ ಎಲ್ಲಿ ಕೂಡಿಸಿದೆ ಅನ್ನುವುದು ತಿಳಿಯುವುದಿಲ್ಲ, ನಾನು ಪಟ್ಟ ಪಾಡೂ ತಿಳಿಯುವುದಿಲ್ಲ. ಆ ಎರಡು ಬೆರಳಗಲ ತೆರೆದಿರುವಾಗಲೇ ಅವಳು ಮುಟ್ಟಬೇಕು, ಅಬ್ಬಾ ನನ್ನ ಮಗನೇ ಅನ್ನಬೇಕು. ಇಷ್ಟೇ ನನ್ನ ಆಸೆ. ಗುಂಡಿಯಿಂದಲೇ ಕೂಗಿದೆ:

"ಅವ್ವಾ, ಬಾ ಇಲ್ಲಿ."

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಕಂಬಳಿ ಮುಗಿದಾಗ ಉಳಿದ ಎಳೆಗಳಿಗೆ ನೇಯ್ದವನು ಕತ್ತರಿ ಹಾಕುವಂತಿಲ್ಲ. ಕೂಡಿಸಿದ ಕೈ ಕತ್ತರಿಸಬಾರದು ಅಂತ. ಅದು ಮನೆಯ ಹಿರಿಯ ಹೆಂಗಸಿನ ಕೆಲಸ. ಅಪ್ಪ ಗುಂಡಿಯಿಂದ ಕೂಗುವನು, ಅಜ್ಜಿ ಬರುವಳು. ಅಜ್ಜಿಯ ನಂತರ ಅವ್ವ. ಐವತ್ತು ವರ್ಷದಿಂದ ಆ ಕತ್ತರಿ ಅವ್ವನ ಸೊಂಟದಲ್ಲಿ ದಾರಕ್ಕೆ ನೇತಾಡುತ್ತಿದೆ. ಗುಂಡಿಯಿಂದ ಕೂಗು ಬಂದರೆ ಅವಳು ಎದ್ದು ಬರುತ್ತಾಳೆ, ಎಡಗೈಯಲ್ಲಿ ಬರಿಯ ಎಳೆಗಳನ್ನು ಹುಡುಕಿ ಹಿಡಿಯುತ್ತಾಳೆ, ತುಟಿಯಲ್ಲೇ ಒಂದು ಸ್ತೋತ್ರ ಹೇಳುತ್ತಾಳೆ, ಬಲಗೈ ತಾನಾಗಿ ಕತ್ತರಿಗೆ ಹೋಗುತ್ತದೆ.

ಹಾಗೇ ಬಂದಳು. ಎಡಗೈ ಬಟ್ಟೆಯ ಮೇಲೆ ಓಡಾಡಿ ಆ ಎರಡು ಬೆರಳಗಲದ ಜಾಗವನ್ನು ಕಂಡುಕೊಂಡಿತು. ಅವಳ ಮುಖದಲ್ಲಿ ಏನು ಮೂಡುತ್ತದೆ ಅಂತ ನಾನು ಮುಖವನ್ನೇ ನೋಡುತ್ತಿದ್ದೆ, ಕೈಯನ್ನು ನೋಡಲಿಲ್ಲ. ತುಟಿ ಅಲುಗಿತು. ಕರ್ರ್ ಅಂತ ಸದ್ದಾಯಿತು. ಇನ್ನೊಮ್ಮೆ, ಮತ್ತೊಮ್ಮೆ. ನಾನು "ಅವ್ವಾ!" ಅನ್ನುವುದರೊಳಗೆ ಅಂಚಿನಿಂದ ಅಂಚಿಗೆ ಮುಗಿದುಹೋಗಿತ್ತು. ಬಿಗಿಯಾಗಿದ್ದ ಹಾಸು ಒಮ್ಮೆಗೇ ಸಡಿಲಗೊಂಡು ನನ್ನ ಮಡಿಲಿಗೆ ಬಿತ್ತು. ಬೆಳಕಿನ ಕೋಲಿನಲ್ಲಿ ಧೂಳು ಒಂದು ಸಲ ಜೋರಾಗಿ ಎದ್ದು, ಮತ್ತೆ ನಿಧಾನಕ್ಕೆ ಇಳಿಯಿತು.

ಅವ್ವನ ಕೈ ಗಾಳಿಯಲ್ಲಿ ನಿಂತಿತ್ತು.

"ಲೇ," ಅಂದಳು. "ಇದು ಅದಾ?"

ನಾನು ಏನಂದೆ ಅನ್ನುವುದನ್ನು ಬರೆಯಬಾರದು ಅಂದುಕೊಂಡಿದ್ದೆ. ಬರೆಯದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

"ಅರೆಗಂಬಳಿ ಬುದ್ಧಿ," ಅಂದೆ. "ಹರಿಯೋದು ಬುಟ್ರೆ ಇನ್ನೇನ್ ಗೊತ್ತು ನಿಮ್ ವಂಶಕ್ಕೆ?"

ಹೆಂಡತಿ ಅಡುಗೆಮನೆಯಿಂದ ಬಂದಳು. "ಏನಂದ್ರಿ? ಏನಂದ್ರಿ ನೀವು? ಮುಗೀದೇ ಕರೆದಿದ್ದು ಯಾರು, ಅತ್ತೇನಾ ನೀವಾ?" ಅಂದಳು. ನಾನು ಶರಟು ಸಿಕ್ಕಿಸಿಕೊಂಡು ರಸ್ತೆಗೆ ನಡೆದೆ.

ಮಧುಗಿರಿಯ ಬಸ್ಸು ಬಂತು, ಹತ್ತಿದೆ. ದೂರದಲ್ಲಿ ಆ ಏಕಶಿಲೆಯ ಬೆಟ್ಟ ಬಿಸಿಲು ಮಬ್ಬಿನಲ್ಲಿ ನೆಲ ಬಿಟ್ಟು ತೇಲುತ್ತಿತ್ತು. ಅದಕ್ಕೆ ಎಲ್ಲೂ ಹೊಲಿಗೆಯಿಲ್ಲ ಅನ್ನಿಸಿ ಇನ್ನೂ ಸಿಟ್ಟು ಬಂತು. ಪಾಸ್ಟರು ಚರ್ಚಿನ ಬೆಂಚು ಒರೆಸುತ್ತಿದ್ದರು. ನಡೆದದ್ದು ಹೇಳಿ, "ಆ ಸ್ಯಾಟಿನ್ನೇ ಹಾಕ್ಸಿ ಅಯ್ನೋರೆ. ನಂದು ಇಲ್ಲ," ಅಂದೆ.

"ಅಯ್ಯೋ ದೇವುಡಾ!" ಅಂದರು. ಒರೆಸುವ ಬಟ್ಟೆ ಕೈಯಲ್ಲೇ ಹಿಡಿದು ಕೂತರು. "ಅಣ್ಣಾ, ಆ ಶುಕ್ರವಾರ ಎರಡು ಬಟ್ಟೆ ಮಾತು ಬರ್ತದೆ. ಒಂದು ಅಂಗಿ, ಅದನ್ನ ಮನುಷ್ಯರು ಹರೀಲಿಲ್ಲ. ಇನ್ನೊಂದು ದೇವಾಲಯದ ತೆರೆ. ಅದು ಯೇಸು ಪ್ರಾಣ ಬಿಟ್ಟಾಗ ಮೇಲಿಂದ ಕೆಳಕ್ಕೆ ಹರಿದೋಯ್ತು. ಅದನ್ನ ಹರಿದೋನು ದೇವರೇ. ನೀನು ಒಂದೇ ಬಟ್ಟೆ ನೋಡ್ತಿದೀಯ."

"ನಾನು ನೇಯ್ದಿದ್ದು ಒಂದೇ," ಅಂದೆ.

ಅವರ ಮಾತು ನನ್ನ ತಲೆಗೆ ಹೋಗಲಿಲ್ಲ. ಆದರೆ ವಾಪಸು ಬರುವ ಬಸ್ಸಿನಲ್ಲಿ ಒಂದು ಯೋಚನೆ ಬಂದು ಕೂತಿತು, ಏಳಿಸಿದರೂ ಏಳಲಿಲ್ಲ. ಬರಗಾಲದಲ್ಲಿ ಕಂಬಳಿ ಹರಿದ ಆ ಅಪ್ಪನ ಯೋಚನೆ. ಅವನೂ ಹರಿದ. ಸಿಟ್ಟಿಗಲ್ಲ. ಒಂದು ಮಗು ಬದುಕಲಿ ಅಂತ ಹರಿದ. ಅವನು ಹರಿಯದೆ ಇದ್ದಿದ್ದರೆ ಅವ್ವ ಇಲ್ಲ, ನಾನಿಲ್ಲ, ಈ ಮಗ್ಗ ಇಲ್ಲ. ಅಂಥವನ ಹೆಸರಿನಲ್ಲಿ ನಾನು ಬೈದು ಬಂದಿದ್ದೆ.

ಮನೆಗೆ ಬಂದಾಗ ಇಳಿಹೊತ್ತು. ಅವ್ವ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ಕರಿಯ ಬಟ್ಟೆ ತೊಡೆ ತುಂಬ ಹರಡಿತ್ತು. ಕತ್ತರಿಸಿದ ಎರಡು ಅಂಚನ್ನು ಸೇರಿಸಿ ದಬ್ಬಣದಲ್ಲಿ ಹೊಲಿಯುತ್ತಿದ್ದಳು. ಪ್ರತಿ ಹೊಲಿಗೆ ಹಾಕುವ ಮುಂಚೆ ಬೆರಳಿನಿಂದ ಅಳತೆ ನೋಡುವಳು. ನೂಲು ಬಿಳಿ.

"ಅವ್ವ, ಅದು ಬಿಳೀ ನೂಲು."

"ಗೊತ್ತು ಕಣ್ಲಾ. ಕಣ್ಣು ಹೋಗಿರೋದು, ಕೈ ಹೋಗಿಲ್ಲ."

"ಕರೀದ್ರಾಗೆ ಹೊಲಿದಿದ್ರೆ ಕಾಣ್ತಿರ್ಲಿಲ್ಲ."

"ಕಾಣ್ಲಿ ಬುಡು. ಕದ್ದು ಹೊಲಿಯೋಕೆ ನಾನೇನ್ ಕಳ್ಳೀನಾ? ಕತ್ತರಿಸ್ದೋಳು ನಾನು, ಹೊಲಿಯೋಳೂ ನಾನೇ."

ನಾನು ಕಂಬಕ್ಕೆ ಒರಗಿ ನಿಂತೆ. "ನಾಟಕಕ್ಕೆ ಇದನ್ನ ಕೊಡಲ್ಲ ಅಂತ ಹೇಳ್ಬುಟ್ಟು ಬಂದಿದೀನಿ."

ದಬ್ಬಣ ಒಂದು ಕ್ಷಣ ನಿಂತಿತು. "ಕೊಡ್ಬ್ಯಾಡ. ನಿನ್ ಮರ್ಯಾದೆ ನಿಂದು," ಅಂದಳು. ಮತ್ತೆ ಹೊಲಿಯತೊಡಗಿದಳು. "ನಮ್ಮಜ್ಜೀಗೆ ಇನ್ನರ್ಧ ಸಿಗ್ಲೇ ಇಲ್ಲ ಕಣ್ಲಾ. ಸಾಯೋಗಂಟ ದಾರಿ ನೋಡಿದ್ಲು. ಸಿಕ್ಕಿದ್ರೆ ಅವ್ಳೂ ಇಂಗೇ ಕೂತ್ಕೊಂಡು ಹೊಲೀತಿದ್ಲು. ಹೊಲಿಗೆ ಕಾಣ್ತದೆ ಅಂತ ಬುಡ್ತಿರ್ಲಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಚಪ್ಪಲಿ ಬಿಟ್ಟು ಎದುರಿಗೆ ಕೂತೆ. ಉಳಿದಿದ್ದ ಭಾಗದ ಎರಡೂ ಅಂಚನ್ನು ಸೇರಿಸಿ ಬಿಗಿಯಾಗಿ ಎಳೆದು ಹಿಡಿದೆ. ಅವಳು ಹೊಲಿದಂತೆಲ್ಲ ನನ್ನ ಕೈ ಹಿಂದಕ್ಕೆ ಸರಿಯಿತು. ಕೊನೆಗೆ ಗಂಟು ಹಾಕಿ ನೂಲನ್ನು ಹಲ್ಲಿನಲ್ಲಿ ಕಡಿದಳು. ಕತ್ತರಿ ಸೊಂಟದಲ್ಲೇ ಇತ್ತು. ಮುಟ್ಟಲಿಲ್ಲ.

ಶುಕ್ರವಾರ ಅಂಗಿಯನ್ನು ನಾನೇ ಹೊತ್ತುಕೊಂಡು ಹೋದೆ. ಅವ್ವನನ್ನೂ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಗುರುತಿನವರು, "ಇದೇನಾ ಅದು? ಎಲ್ಲಿ, ಹೊಲಿಗೆ ಇಲ್ದಿರೋದು ತೋರ್ಸು" ಅಂದರು. ಮಡಿಕೆ ಬಿಚ್ಚಿ ತೋರಿಸಿದೆ. ಒಬ್ಬ ಕಿಟಕಿಯ ಕಡೆ ತಿರುಗಿ ನಕ್ಕ. ಚರ್ಚಿನಲ್ಲಿ ಸಾಬರು ಬಿಳಿ ಹೊಲಿಗೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಯಾರು ಹೊಲಿದಿದ್ದು?" ಅಂದರು. ನಾನು ಅವ್ವನ ಕಡೆ ತೋರಿಸಿದೆ. "ಕಣ್ಣಿಲ್ದೇನಾ? ಸುಭಾನಲ್ಲಾ!" ಅಂದರು. ತಾವೇ ಹೆಗಲಿನ ಮೇಲೆ ಜಾಲಿಮುಳ್ಳು ಚುಚ್ಚಿ, ಸ್ಯಾಟಿನ್ ಅಂಗಿ ಮಡಿಚಿ ಚೀಲಕ್ಕೆ ಹಾಕಿಕೊಂಡರು.

ಮೂರು ಗಂಟೆಯ ಬಿಸಿಲು ಬಿಳಿಯ ಹೊಗೆಯ ಹಾಗಿತ್ತು. ಜನ ಬೇವಿನ ಮರದ ನೆರಳಿಗೆ ಒತ್ತಿಕೊಂಡು ಕೂತಿದ್ದರು. ಯೇಸುವಿನ ಪಾತ್ರದ ಯುವಕ ಬೆವರಿ ನೀರಾಗಿದ್ದ. ಆ ಬೆವರಿಗೋ ಏನೋ, ಅವನು ಶಿಲುಬೆ ಹೊತ್ತು ಬರುವಾಗ ಅಂಗಳ ನಿಶ್ಶಬ್ದವಾಯಿತು. ಅಂಗಿ ತೆಗೆದರು, ಶಿಲುಬೆಗೆ ಏರಿಸಿದರು. ಸಿಪಾಯಿಗಳಲ್ಲಿ ಮುಖ್ಯದವನು ಐ.ಡಿ.ಹಳ್ಳಿಯ ಬೋರ್‌ವೆಲ್ ಲಾರಿ ಡ್ರೈವರು, ದಪ್ಪ ಮೀಸೆಯವನು, ಭಾರಿ ಗಂಟಲು. ಅವನು ಅಂಗಿಯನ್ನು ಎತ್ತಿ ಹಿಡಿದ. ಅವನ ಮಾತು ಮೊದಲೇ ಬರೆದುಕೊಟ್ಟದ್ದು: ಇದಕ್ಕೆ ಹೊಲಿಗೆಯೇ ಇಲ್ಲ, ಹರಿಯುವುದು ಬೇಡ, ಚೀಟಿ ಹಾಕೋಣ.

"ಇದಕ್ಕೆ..." ಅಂದ. ಅಷ್ಟರಲ್ಲಿ ಹೊಲಿಗೆ ಅವನ ಮುಖದ ಮುಂದೆಯೇ ಬಂತು. ಕರಿಯ ಬಟ್ಟೆಯ ಮೇಲೆ ಮೇಲಿಂದ ಕೆಳಕ್ಕೆ ಬಿಳಿಯ ಗೆರೆ. ಅಷ್ಟು ಜನರೂ ನೋಡುತ್ತಿದ್ದಾರೆ. ಅವನು ಬಾಯಿ ತೆರೆದವನು ಹಾಗೇ ನಿಂತ. ಪಾಸ್ಟರು ಪರದೆಯ ಹಿಂದಿನಿಂದ ಮಾತು ಹೇಳಿಕೊಡುತ್ತಿದ್ದರು. ಅವನಿಗೆ ಕೇಳಿಸಿತೋ ಇಲ್ಲವೋ. ನಾನು ತಲೆ ತಗ್ಗಿಸಿದೆ. ಈಗ ನಗುತ್ತಾರೆ, ಈಗ ನಗುತ್ತಾರೆ ಅಂತ ಕಾದೆ.

ಅವನು ದೊಡ್ಡ ಹೆಬ್ಬೆರಳಿನಿಂದ ಹೊಲಿಗೆಯನ್ನು ಒಂದು ಸಲ ಸವರಿದ. ಆಮೇಲೆ ತನ್ನ ಊರಿನ ಮಾತಿನಲ್ಲೇ, ಗಂಟಲು ಇಳಿಸಿ ಹೇಳಿದ:

"ಹೊಲಿಗೆ ಐತೆ. ಆದ್ರೂ ಹರಿಯೋದು ಬ್ಯಾಡ ಕಣ್ರಲೇ."

ಯಾರೂ ನಗಲಿಲ್ಲ. ಅವ್ವ ನನ್ನ ತೋಳು ಹಿಡಿದುಕೊಂಡಿದ್ದಳು. ಹಿಡಿತ ಬಿಗಿಯಾಯಿತು, ಸ್ವಲ್ಪ ಹೊತ್ತಿನ ಮೇಲೆ ಸಡಿಲವಾಯಿತು.

ಈಗ ಪ್ರತಿ ವರ್ಷ ಆ ಅಂಗಿ ಹೋಗುತ್ತದೆ. ಆ ಮಾತೂ ನಾಟಕದಲ್ಲಿ ಹಾಗೇ ಉಳಿದಿದೆ. ಬರೆದುಕೊಟ್ಟ ಮಾತನ್ನೇ ಹೇಳಿಸಬೇಕೆಂದು ಪಾಸ್ಟರು ಒಂದು ವರ್ಷ ಪ್ರಯತ್ನಪಟ್ಟರು, ಜನ ಬಿಡಲಿಲ್ಲ. ನಾನು ಇನ್ನೊಂದು ಅಂಗಿ ನೇಯಬಲ್ಲೆ, ಆ ಎರಡು ಬೆರಳಗಲವನ್ನೂ ಮುಗಿಸಬಲ್ಲೆ. ಕೇಳಿದವರಿಗೆ ಹಾಗೆಂದು ಹೇಳುತ್ತೇನೆ, ನನ್ನ ಜಂಬ ಎಲ್ಲಿಗೂ ಹೋಗಿಲ್ಲ. ಆದರೆ ಅವ್ವ ನೇಯಿ ಅನ್ನಲಿಲ್ಲ, ನಾನೂ ಮಗ್ಗಕ್ಕೆ ಆ ಹಾಸು ಏರಿಸಲಿಲ್ಲ.

ಆ ದಿನ ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ಕಿಟಕಿಯ ಪಕ್ಕ, ಅಂಗಿ ಅವಳ ಮಡಿಲಲ್ಲಿ. ಇಳಿಬಿಸಿಲು ಮಿಡಿಗೇಶಿಯ ಕೋಟೆಗೋಡೆಯ ಮೇಲೆ ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು. ನಾನು ಅವಳಿಗೆ ತಪ್ಪಾಯಿತು ಅನ್ನಬೇಕಿತ್ತು. ಆ ಮಾತು ನನ್ನ ಬಾಯಿಂದ ಯಾವತ್ತೂ ಸಲೀಸಾಗಿ ಬಂದಿಲ್ಲ, ಅವತ್ತೂ ಬರಲಿಲ್ಲ.

"ಅವ್ನು ಏನಂದ್ಲಾ?" ಅಂದಳು ಅವ್ವ.

"ಯಾರು?"

"ಆ ಸಿಪಾಯಿ."

"ಕೇಳಿಸ್ಲಿಲ್ವಾ ನಿಂಗೆ?"

"ಕೇಳಿಸ್ತು. ನೀನು ಹೇಳು."

"ಹೊಲಿಗೆ ಐತೆ. ಆದ್ರೂ ಹರಿಯೋದು ಬ್ಯಾಡ," ಅಂದೆ.

"ಇನ್ನೊಂದ್ ದಪ ಹೇಳು."

ಹೇಳಿದೆ. ಅವಳ ಬೆರಳು ಹೊಲಿಗೆಯ ಮೇಲೆ ಹೋಗುತ್ತ ಬರುತ್ತ ಇತ್ತು, ಲಾಳಿಯ ಹಾಗೆ. ಮೂರನೇ ಸಲ ಹೇಳುವ ಹೊತ್ತಿಗೆ ಅವಳಿಗೆ ನಿದ್ದೆ ಬಂದಿತ್ತು. ಆದರೂ ಹೇಳಿದೆ.